ಕರೆ ಬಂದ ವಿಳಾಸ

3-2-2025, ಸೋಮವಾರ. ಬೆಳಿಗ್ಗೆ 8.20
ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಡ್ಯೂಟಿಗೆ ಬಂದೆ. ವೈರ್‌ಲೆಸ್ ಸೆಟ್ಟಿನ ಮೇಲೆ ಯಾರೋ ಹೊಸ ಮಾನಿಟರ್ ಡಬ್ಬ ಇಟ್ಟಿದ್ದರು. ಇಳಿಸಿದೆ. ಇನ್ನು ಆರು ವಾರ. ಆಮೇಲೆ ಕರೆ ಬಂದರೆ ಕಂಪ್ಯೂಟರೇ ವಿಳಾಸ ಹುಡುಕಿ ಆಂಬುಲೆನ್ಸಿನ ಟ್ಯಾಬಿಗೆ ಕಳಿಸುತ್ತದಂತೆ. ಸೆಟ್ಟು ಗುಜರಿಗೆ, ನಾನು ಮನೆಗೆ. ಡ್ರೈವರಾಗಿ ಸೇರಿದವನು, ಕೇಳಿ ಕೇಳಿ ಆಪರೇಟರ್ ಆದೆ. ಮೂವತ್ತೊಂದು ವರ್ಷ ಬಾಯಲ್ಲಿದ್ದದ್ದು ಒಂದೇ ಪ್ರಶ್ನೆ — ಎಲ್ಲಿಂದ ಮಾತಾಡ್ತಿದ್ದೀರಿ?
ಹೊಸ ಸಿಸ್ಟಮ್ ಕೂರಿಸಲು ಬಂದ ಎಂಜಿನಿಯರ್ ವಿಜಯೇಂದ್ರ ನಕ್ಕ. "ಅದಕ್ಕೇ ನಲವತ್ತು ಸೆಕೆಂಡ್ ಹೋಗುತ್ತೆ ಸಾರ್. ಇನ್ಮೇಲೆ ಕೇಳೋದೇ ಬೇಡ."
ಒಳ್ಳೆ ಹುಡುಗ. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಅಷ್ಟೇ.

11-2, ಮಂಗಳವಾರ
ಹೃದ್ರೋಗಿಗಳ ಪಟ್ಟಿ ಟೈಪ್ ಮಾಡುವ ಕೆಲಸ ನನಗೇ ಬಿತ್ತು. ಫೋನ್ ನಂಬರ್, ಎದುರಿಗೆ ಸಿಮ್ ಮಾಲೀಕರ ವಿಳಾಸ. ಅಕ್ಕ ಕಾಶಮ್ಮನದನ್ನೂ ಸೇರಿಸಿದೆ. ಅವಳಿರುವುದು ಭದ್ರಾವತಿ ಕಾಗದನಗರದ ಕ್ವಾರ್ಟರ್ಸಿನಲ್ಲಿ, ಒಬ್ಬಳೇ. ಸಿಮ್ ಮಾತ್ರ ನನ್ನ ಆಧಾರಿನದು. ಫಾರ್ಮ್ ಕೇಳಿದ್ದನ್ನೇ ತುಂಬಿದೆ — ಉಜ್ಜನಪ್ಪ, ವಿದ್ಯಾನಗರ, ಶಿವಮೊಗ್ಗ.

27-2, ಗುರುವಾರ. ಮಧ್ಯಾಹ್ನ 12.45
ಟ್ರಯಲ್. ಡ್ರೈವರ್ ಭೀಮೇಶನ ಅತ್ತೆ ಭದ್ರಾವತಿ ಹಳೇ ಸೇತುವೆ ಹತ್ತಿರ ನಿಂತು ಕರೆ ಮಾಡಿದರು. ಟ್ಯಾಬು ಭೀಮೇಶನನ್ನು ಶಿವಮೊಗ್ಗದ ನವುಲೆಗೆ ಕಳಿಸಿತು, ಅವನದೇ ಮನೆಗೆ! ಅತ್ತೆಯ ಸಿಮ್ ಅಳಿಯನ ಹೆಸರಲ್ಲಿತ್ತು.
"ಅತ್ತೆ ಸೇತುವೆ ಮೇಲೆ ಬಿಸಿಲಲ್ಲಿ, ನಾನು ಮನೇಲಿ ಮಜ್ಜಿಗೆ ಕುಡೀತಾ ಇದ್ದೆ ಮಾರಾಯ್ರೇ!"
ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಯಾವ ಮುದುಕಿಯ ಸಿಮ್ ಅವಳ ಹೆಸರಲ್ಲಿದೆ? ಮಗ, ಅಳಿಯ, ತಮ್ಮ... ಪಟ್ಟಿ ಟೈಪ್ ಮಾಡಿದವನು ನಾನು.

10-3, ಸೋಮವಾರ
ಹತ್ತು ದಿನ ಕೂತು ಒಂದೊಂದೇ ನಂಬರಿಗೆ ಫೋನ್ ಮಾಡಿದೆ. ಎಂಬತ್ತಾರು ತಪ್ಪು. ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟೆ. ಅಕ್ಕನದು ಮೊದಲನೆಯದು.
"ಪಟ್ಟಿ ಲಾಕ್ ಆಗಿದೆ ಸಾರ್," ಎಂದ ವಿಜಯೇಂದ್ರ. "ನೆಕ್ಸ್ಟ್ ವರ್ಷನ್‌ನಲ್ಲಿ ಹಾಕ್ತೀವಿ. ಏಪ್ರಿಲ್."
"ಅಲ್ಲೀವರೆಗೆ?"
"ತೊಂಬತ್ತಾರು ಪರ್ಸೆಂಟ್ ಸರಿಯಿದೆಯಲ್ಲ."
"ಎಲ್ಲಿಂದ ಅನ್ನೋ ಆ ಪ್ರಶ್ನೆ ಒಂದಾದ್ರೂ ಉಳಿಸಪ್ಪ."
ಅವನು ಕೀಬೋರ್ಡಿನ ಕಡೆ ತಿರುಗಿದ. ಡಬ್ಬಿಯಲ್ಲಿದ್ದ ಅವಲಕ್ಕಿ ಅವನ ಮುಂದಿಟ್ಟು ಬಂದೆ.

16-3, ಭಾನುವಾರ
ಕಾಗದನಗರ. ಅಕ್ಕ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತಳು. ಗೋಡೆ ಹಿಡಿದು.
"ಎದೆ ಹಿಡಿದರೆ ನನಗೇ ಫೋನ್ ಮಾಡು. ಆಫೀಸ್ ನಂಬರಿಗೆ ಬೇಡ," ಅಂದೆ.
"ಬುದ್ಧಿ ನೆಟ್ಟಗಿದೆಯೇನೋ? ಮನೆಯೋರ್ಗೆ ಆಮೇಲೆ ಮಾಡು, ಮೊದ್ಲು ಆಫೀಸಿಗೆ ಮಾಡು ಅಂತ ಗಿಳಿಗೆ ಹೇಳ್ದಂಗೆ ಹೇಳ್ಕೊಟ್ಟೋನು ನೀನೇ ಅಲ್ವಾ?"
ಗೋಡೆಯ ಮೇಲೆ ನನ್ನ ಕೈಬರಹದ ಚೀಟಿ. ದೊಡ್ಡ ಅಕ್ಷರ, ಆಫೀಸ್ ನಂಬರ್. ಕಿತ್ತು ನನ್ನ ನಂಬರ್ ಅಂಟಿಸಿದೆ. ಅವಳು ನಕ್ಕಳು. "ಆಫೀಸ್ ನಂಬರ್ ನಂಗೆ ಬಾಯಿಪಾಠ ಕಣೋ. ಚೀಟಿ ಯಾರಿಗೆ ಬೇಕು?"

17-3
ಹೊಸ ಸಿಸ್ಟಮ್ ಶುರು. ಶಾಲು ಹೊದಿಸಿ ನನ್ನನ್ನು ಮನೆಗೆ ಕಳಿಸಿದರು.

29-3, ಶನಿವಾರ. ಮಧ್ಯಾಹ್ನ 3.10
ಲಾಗ್ ಬುಕ್ಕಿನ ಚಟ ಬಿಟ್ಟಿಲ್ಲ, ಕೂತಲ್ಲೇ ಹೊತ್ತು ಹಾಕಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಅಕ್ಕನ ಜೊತೆ ಮಾತಾಯಿತು. ಸುಸ್ತು ಅಂದಳು. ಸಂಜೆ ಬಸ್ಸಿಗೆ ಹೋಗಬೇಕು, ಸಿಮ್ ಅವಳ ಹೆಸರಿಗೇ ಮಾಡಿಸಬೇಕು...

3.14
ಸೈರನ್. ಮೇನ್ ರೋಡಿನಲ್ಲಿ.

3.15
ನಮ್ಮ ಕ್ರಾಸಿಗೇ ತಿರುಗಿತು. ಪಾಪ, ಯಾರ ಮನೆಗೋ.
ನಮ್ಮ ಗೇಟಿನ ಮುಂದೆ ನಿಂತಿತು. ಭೀಮೇಶ. ಕೈಯಲ್ಲಿ ಟ್ಯಾಬು. ಕೂಗುತ್ತಿದ್ದಾನೆ — "ಪೇಷೆಂಟ್ ಎಲ್ಲಿ ಉಜ್ಜನಪ್ಪಣ್ಣ?"
ಇಲ್ಲಿ ಎಲ್ಲರೂ ಚೆನ್ನಾಗಿಯೇ ಇದ್ದೇವ—