ಒಂದು ಅಂಕಿಯನ್ನೂ ಬದಲಿಸಿಲ್ಲ

ಬೆಳ್ಳಿಯಪ್ಪಣ್ಣನಿಗೆ,

ನಮಸ್ಕಾರ ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ಓದಿ. ನಿಮ್ಮ ತಮ್ಮನ ಮಗ ಪ್ರಜ್ಞೇಶನ ಬೈಕಿಗೆ ನಾನು ಮಾಡಿಕೊಟ್ಟ ಸೆಟ್ಟಿಂಗಿನಲ್ಲಿ ಒಂದು ಅಂಕಿಯನ್ನೂ ಬದಲಿಸಿಲ್ಲ. ಬದಲಿಸುವುದೂ ಇಲ್ಲ. ಮೊನ್ನೆ ಅವನು ಬೈಕನ್ನು ಪಿಕಪ್ಪಿನಲ್ಲಿ ತಂದು ನನ್ನ ಶೆಡ್ಡಿನ ಮುಂದೆ ಇಳಿಸಿ, "ಕಂಪ್ನಿಯಿಂದ ಬಂದಾಗ ಹೆಂಗಿತ್ತೋ ಹಂಗೇ ಮಾಡ್ಕೊಡಿ ಅಕ್ಕ, ದೊಡ್ಡಪ್ಪ ಹೇಳಿದ್ದಾರೆ" ಎಂದ. ಮುಖ ಕೊಟ್ಟು ಮಾತಾಡಲಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನಿಮ್ಮ ಮೇಲೆ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಅದೂ ಬರುತ್ತದೆ.

ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಮರುದಿನ ಗಾಳಿಬೀಡಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತಿತ್ತು. ಊರಿಗೆ ಊರೇ ಸೇರಿತ್ತು. ಪ್ರಜ್ಞೇಶನ ಬೈಕು ಏರು ಹತ್ತಲಾರದೆ ಕಪ್ಪು ಹೊಗೆ ಕಾರುತ್ತಾ ಬಂದು, ಮೈದಾನದ ಬಾಗಿಲಲ್ಲೇ ಕೆಮ್ಮಿ ನಿಂತಿತು. ಎಲ್ಲರೂ ಮೊದಲು ಅದರ ಕಡೆಗೆ, ಆಮೇಲೆ ನನ್ನ ಕಡೆಗೆ ತಿರುಗಿದರು. ಆಗ ನೀವು ಅಷ್ಟು ಜನರ ಎದುರು ಹೇಳಿದಿರಿ: "ಲ್ಯಾಪ್‌ಟಾಪಲ್ಲಿ ಇಂಜಿನ್ ರೆಡಿ ಮಾಡುದಾದ್ರೆ ಟೀವಿಲಿ ಗದ್ದೆ ನಾಟಿ ಮಾಡ್ಬೋದು! ಈ ಭಟ್ರ ಮಗ್ಳಿಗೆ ಕಿವಿ ಇಲ್ಲೆ, ಬರೀ ಕಣ್ಣು ಉಟ್ಟು." ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ಬೇರೆಯವರ ಬಗ್ಗೆ ಆಡಿದ್ದರೆ ನಾನೂ ನಗುತ್ತಿದ್ದೆ. ಸಂಜೆಯೊಳಗೆ ರೈಡಿಂಗ್ ಕ್ಲಬ್ಬಿನವರು ನನಗೆ ಒಪ್ಪಿಸಿದ್ದ ಆರೂ ಬೈಕುಗಳನ್ನು ವಾಪಸ್ ತೆಗೆದುಕೊಂಡು ಹೋದರು. ಅಪ್ಪ ದೇವಸ್ಥಾನದಿಂದ ಬಂದವರು, "ಇನ್ನಾದ್ರೂ ಆ ಶೆಡ್ಡಿಗೆ ಬೀಗ ಹಾಕು ಮಗಾ" ಎಂದರು. ಹಾಕಲಿಲ್ಲ. ಹಾಕುವುದಿಲ್ಲ.

ನನಗೆ ಕಿವಿ ಇಲ್ಲವೇ, ಅಣ್ಣಾ? ಅದನ್ನು ಕೊಟ್ಟವರೇ ನೀವು. ಹತ್ತೊಂಬತ್ತರ ಹುಡುಗಿ ಮಡಿಕೇರಿಯ ನಿಮ್ಮ ಗ್ಯಾರೇಜಿನ ಮುಂದೆ ನಿಂತು ಕೆಲಸ ಕಲಿಯುತ್ತೇನೆ ಎಂದಾಗ ನೀವು ಜಾತಿ ಕೇಳಲಿಲ್ಲ, ಹೆಣ್ಣಲ್ಲವೇ ಎನ್ನಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಇಟ್ಟಿರಿ. "ಕೇಳು. ಅದು ಹಸಿವು ಅಂತ ಹೇಳ್ತಾ ಉಟ್ಟಾ, ಹೊಟ್ಟೆ ತುಂಬ್ತು ಅಂತ ಹೇಳ್ತಾ ಉಟ್ಟಾ?" ಎಂದು ಕೇಳಿದಿರಿ. ಪೆಟ್ರೋಲ್ ಸಾಲದೋ, ಹೆಚ್ಚಾಯಿತೋ, ಆರು ವರ್ಷ ನಾನು ಕೇಳಿದ್ದು ಅದನ್ನೇ. ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಇಂಜಿನ್ನಿನ ದನಿ ಎಷ್ಟು ಬದಲಾಗುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲೆ.

ಇಂಜೆಕ್ಷನ್ ಬೈಕಿಗೆ ಆ ಸ್ಕ್ರೂ ಇಲ್ಲ. ಅದರ ಬದಲು ಒಂದು ಪುಟ್ಟ ಪೆಟ್ಟಿಗೆ ಇದೆ. ಆಕ್ಸಿಲರೇಟರ್ ಎಷ್ಟು ತಿರುಗಿತು, ಇಂಜಿನ್ ಎಷ್ಟು ವೇಗದಲ್ಲಿದೆ ಎಂದು ನೋಡಿ, ತನ್ನೊಳಗಿನ ಪಟ್ಟಿಯಲ್ಲಿ ಬರೆದಿರುವಷ್ಟು ಪೆಟ್ರೋಲ್ ಸುರಿಯುತ್ತದೆ. ಪ್ರಜ್ಞೇಶ ಹೊಸ ಸೈಲೆನ್ಸರ್ ಹಾಕಿಸಿದ್ದರಿಂದ ಕಂಪನಿಯ ಪಟ್ಟಿ ಅದಕ್ಕೆ ಸಾಲುತ್ತಿರಲಿಲ್ಲ. ಇಂಜಿನ್ ವಿಪರೀತ ಬಿಸಿಯಾಗುತ್ತಿತ್ತು, ಇಳಿಜಾರಿನಲ್ಲಿ ಪಟಾಕಿ ಹೊಡೆಯುತ್ತಿತ್ತು. ನಾನು ಮೂರು ದಿನ ಲ್ಯಾಪ್‌ಟಾಪನ್ನು ಬೆನ್ನಿಗೆ ಕಟ್ಟಿಕೊಂಡು ಗಾಳಿಬೀಡಿನ ಏರನ್ನು ಹತ್ತಿ ಇಳಿದೆ. ಪ್ರತಿ ತಿರುವಿನಲ್ಲಿ ನಿಲ್ಲಿಸಿ ಆ ಪಟ್ಟಿಯ ಒಂದೊಂದೇ ಮನೆಯ ಅಂಕಿ ತಿದ್ದಿದೆ. ಏನು ತಿದ್ದಬೇಕೆಂದು ಹೇಳಿದ್ದು ಲ್ಯಾಪ್‌ಟಾಪ್ ಅಲ್ಲ. ಹಸಿವೋ, ಹೊಟ್ಟೆ ತುಂಬಿತೋ ಎಂಬ ನಿಮ್ಮ ಪ್ರಶ್ನೆಯನ್ನೇ ಕೇಳಿಕೊಂಡೆ. ನಿಮ್ಮ ಗ್ಯಾರೇಜಿನಲ್ಲಿ ಸ್ಕ್ರೂ ಹಿಡಿದ ಕೈಯೇ ಇಲ್ಲಿ ಕೀಲಿ ಒತ್ತಿತು. ಇದು ಕೆಲಸವಲ್ಲ ಎನ್ನುವ ಹಕ್ಕು ನಿಮಗಿಲ್ಲ.

ಈಗ ಎರಡು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಡುತ್ತೇನೆ. ನೀವು ನನ್ನನ್ನು ಗ್ಯಾರೇಜಿನಿಂದ ಕಳಿಸಿದ್ದು ಯಾಕೆಂದು ಊರಿಗೆಲ್ಲ ಗೊತ್ತು. ನೀವು ಮುಗಿಸಿಟ್ಟ ಬೈಕಿಗೆ ನಾನು ಮತ್ತೆ ಸ್ಕ್ರೂಡ್ರೈವರ್ ಹಾಕುವಾಗ ನಿಮ್ಮ ಕೈಗೆ ಸಿಕ್ಕಿಬಿದ್ದೆ. "ನನ್ನ ಕೆಲ್ಸದ ಮೇಲೆ ಕೈ ಇಡ್ತೀಯಾ? ಕೆಳಗೆ ಇಡು ಅದನ್ನ" ಎಂದಿರಿ. ಇಟ್ಟೆ, ಬಾಯಿ ಬಿಡದೆ ಹೊರಟೆ. ಸೊಕ್ಕು ಎಂದುಕೊಂಡಿರಿ. ಸೊಕ್ಕಲ್ಲ ಅಣ್ಣಾ, ನಿಮಗೆ ಕಿವಿ ಕೇಳಿಸುವುದಿಲ್ಲ. ಫೋನ್ ಮಾಡದೆ ಬರೆಯುತ್ತಿರುವುದೂ ಅದಕ್ಕೇ. ಎಡಗಡೆಯಿಂದ ಕರೆದರೆ ನೀವು ತಿರುಗುತ್ತಿರಲಿಲ್ಲ. ಇಂಜಿನ್ನಿನ ಸಣ್ಣ ಟಕಟಕ ಸದ್ದು ನಿಮಗೆ ಕೇಳಿಸುವುದೇ ನಿಂತಿತ್ತು. ಬೈಕುಗಳು ಗೊರಗೊರ ಅನ್ನುತ್ತಾ ವಾಪಸ್ ಬರತೊಡಗಿದಾಗ, ನಿಮ್ಮ ಹೆಸರು ಕೆಡಬಾರದೆಂದು, ನೀವು ಊಟಕ್ಕೆ ಹೋದ ಹೊತ್ತಿನಲ್ಲಿ ವರ್ಷವಿಡೀ ನಿಮ್ಮ ಸೆಟ್ಟಿಂಗನ್ನು ತಿದ್ದಿಟ್ಟೆ. ಅದನ್ನು ಗೌರವ ಎಂದುಕೊಂಡಿದ್ದೆ. ಬೆನ್ನ ಹಿಂದೆ ಮಾಡಿದ್ದು ತಪ್ಪು. ಮುಖಕ್ಕೆ ಹೇಳಬೇಕಿತ್ತು, ಹೇಳಲು ಹೆದರಿದೆ. ಅದೊಂದಕ್ಕೆ ಕ್ಷಮೆ ಕೇಳುತ್ತೇನೆ, ಬೇರೆ ಯಾವುದಕ್ಕೂ ಇಲ್ಲ.

ಇನ್ನು ಬೈಕಿನ ವಿಷಯ. ಮೊದಲು ಪ್ಲಗ್ ಬಿಚ್ಚಿದೆ. ಮಸಿ. ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ. ಅಂಕಿಗಳನ್ನು ನೋಡಿದೆ, ನಾನು ಬರೆದ ಹಾಗೇ ಇದ್ದವು. ಒಂದು ಗಳಿಗೆ ನನಗೂ ನನ್ನ ಮೇಲೆ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ಅಳಿಸಿಬಿಡೋಣ ಎಂದು ಕೈ ಕೀಲಿಯ ಮೇಲೂ ಹೋಯಿತು. ಆಮೇಲೆ, ಪೆಟ್ರೋಲ್ ಹೆಚ್ಚಾಗದೆ ಗಾಳಿ ಕಡಿಮೆಯಾಗಿದ್ದರೆ ಎಂದು ಯೋಚನೆ ಬಂದು ಸೀಟು ಬಿಚ್ಚಿದೆ. ಗಾಳಿ ಎಳೆದುಕೊಳ್ಳುವ ರಬ್ಬರ್ ಕೊಳವೆಯೊಳಗೆ ಬೆರಳು ಹಾಕಿದರೆ ಏನೋ ಮೆತ್ತಗೆ ಸಿಕ್ಕಿತು. ಎಳೆದೆ. ತೋಕ್‌ಪೂ! ಹಬ್ಬದ ದಿನ ಕೋವಿಯ ಬಾಯಿಗೆ ಸಿಗಿಸುವ ಆ ಕೆಂಪು ಹಳದಿ ಹೂವಿನ ಒಂದು ಇಡೀ ಗೊಂಚಲು, ಎಲೆ ಸಮೇತ, ಮಳೆ ನೀರು ಕುಡಿದು ಉಬ್ಬಿ ಕೊಳವೆಗೆ ಬಿರಡೆಯಂತೆ ಕೂತಿತ್ತು.

ಅಂಗಳದಲ್ಲಿ ಕೋವಿಗಳ ಸಾಲಿನಲ್ಲೇ ಬೈಕನ್ನೂ ಪೂಜೆಗೆ ನಿಲ್ಲಿಸಿದ್ದೀರಿ. ಸೀಟಿನ ಕೆಳಗೆ ಕೋವಿಯ ನಳಿಗೆಯ ಹಾಗೇ ದುಂಡಗೆ ಒಂದು ಬಾಯಿ ಕಂಡಿದೆ. ಅದಕ್ಕೂ ಹೂವು ಮುಡಿಸಿದ್ದೀರಿ. ಓಡುವಾಗ ಇಂಜಿನ್ ಅದನ್ನು ಒಳಕ್ಕೆ ಎಳೆದುಕೊಂಡಿದೆ. ಬಾಯಿಗೆ ಹೂವು ತುರುಕಿದ್ದಾರೆಂದು ಆ ಪೆಟ್ಟಿಗೆಗೆ ಯಾರು ಹೇಳಬೇಕು? ಅದು ಪಾಪ, ತುಂಬು ಉಸಿರಿಗೆ ಬೇಕಾದಷ್ಟು ಪೆಟ್ರೋಲನ್ನು ಸುರಿಯುತ್ತಲೇ ಹೋಗಿದೆ.

ನೀವು ಎನ್ನುತ್ತಿದ್ದೇನೆ, ಪ್ರಜ್ಞೇಶ ಎನ್ನುತ್ತಿಲ್ಲ. ಗೊಂಚಲಿಗೆ ಬಿಗಿದಿದ್ದ ತಾಮ್ರದ ತಂತಿಯನ್ನು ನೋಡಿದೆ. ಮೂರು ಸುತ್ತು ತಿರುವಿ, ತುದಿಯನ್ನು ಒಳಕ್ಕೆ ಮಡಚಿದ್ದು. ಮುಂದೆ ಬಿಚ್ಚುವವರ ಬೆರಳಿಗೆ ಚುಚ್ಚಬಾರದೆಂದು ಹಾಗೆ ಮಡಚುವವರು ಈ ಊರಿನಲ್ಲಿ ಇಬ್ಬರೇ, ನೀವು ಮತ್ತು ನಾನು. ಅದನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತು ಅತ್ತೆ. ನಕ್ಕೆ ಕೂಡ.

ಹೂವಿನ ಫೋಟೋ ತೆಗೆದು ಕ್ಲಬ್ಬಿನ ಗ್ರೂಪಿಗೆ ಹಾಕಿದ್ದರೆ ಆರು ಬೈಕುಗಳು ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತಿದ್ದವು. ತೆಗೆಯಲಿಲ್ಲ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹಾಗೆಂದು ಹಳೆಯಂತೆ ನಿಮ್ಮ ತಪ್ಪನ್ನು ಕದ್ದು ತಿದ್ದಿ ಸುಮ್ಮನಾಗುವವಳೂ ಅಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ನಾನು ಬರೆದ ಅದೇ ಅಂಕಿಗಳಲ್ಲಿ, ಆ ಬೈಕನ್ನು ಅದೇ ಏರಿನಲ್ಲಿ ಅದೇ ಮೈದಾನಕ್ಕೆ ನಾನೇ ಹತ್ತಿಸುತ್ತೇನೆ. ಕ್ಲಬ್ಬಿನವರಿಗೆ ಹೇಳಿ ಕಳಿಸಿದ್ದೇನೆ. ನೀವೂ ಬನ್ನಿ. ಅಂದು ಅಷ್ಟು ಜನರೆದುರು ಆಡಿದ ಮಾತನ್ನು ಅಷ್ಟೇ ಜನರೆದುರು ವಾಪಸ್ ತೆಗೆದುಕೊಳ್ಳಿ. ಬರದಿದ್ದರೂ ನಾನು ಹತ್ತಿಸುತ್ತೇನೆ. ಒಂದೂ ಬೈಕು ವಾಪಸ್ ಬರದಿದ್ದರೂ ಸೋಮವಾರ ಶೆಡ್ಡು ತೆರೆದಿರುತ್ತದೆ.

ಅಲ್ಲಿ ಲ್ಯಾಪ್‌ಟಾಪಿನ ಎದುರಿಗೆ ಇನ್ನೊಂದು ಸ್ಟೂಲ್ ಹಾಕಿಟ್ಟಿದ್ದೇನೆ. ಹಸಿವಾದರೆ ಪರದೆಯ ಮೇಲೆ ಗೆರೆ ಮೇಲೇರುತ್ತದೆ, ಹೊಟ್ಟೆ ತುಂಬಿದರೆ ಕೆಳಗಿಳಿಯುತ್ತದೆ. ಬರೀ ಕಣ್ಣು ಸಾಕು ಅಣ್ಣಾ, ಕೇಳಿಸಬೇಕೆಂದಿಲ್ಲ. ಇಂಜಿನ್ನಿನ ಮನಸ್ಸು ಅರ್ಥವಾಗುವವರು ಮಾತ್ರ ಅಲ್ಲಿ ಕೂರಬೇಕು. ನನಗೆ ಗೊತ್ತಿರುವವರಲ್ಲಿ ನನಗಿಂತ ಹೆಚ್ಚು ಅರ್ಥವಾಗುವವರು ಒಬ್ಬರೇ.

ತಂತಿಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ತುದಿ ಮಡಚಿಯೇ ಇದೆ, ನಿಮ್ಮ ಬೆರಳಿಗೆ ಚುಚ್ಚುವುದಿಲ್ಲ.

ಈಗ ನಮಸ್ಕಾರ. ಆ ಕೈಗೆ ದೇವರು ನೂರು ವರ್ಷ ಕೊಡಲಿ.

ನೀವು ಕಳಿಸಿದರೂ ಹೋಗದ ನಿಮ್ಮ ಶಿಷ್ಯೆ,
ಅನ್ನಪೂರ್ಣೇಶ್ವರಿ