ಉಣ್ಣುವಕ್ಕ ನಮ್ಮ ಮನೆಗೆ ಬಂದ ದಿನ

ಹೊನ್ನಮರಡಿ, ಏಳನೇ ವಾರ್ಡು
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಅರವತ್ತೆರಡು

ಪುರಸಭಾ ಸದಸ್ಯೆ ನಾಗವೇಣಮ್ಮನವರಿಗೆ, ನಿಮ್ಮದೇ ವಾರ್ಡಿನಲ್ಲಿ ಬಹಳ ತಡವಾಗಿ ಹುಟ್ಟಿದ ಮೇದಿನಿಯ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತನೇ ದಿನ ಇಲ್ಲವೆಂದು ಬಲ್ಲೆ. ನಾವು ತಿಂಗಳುಗಳನ್ನು ಸ್ವಲ್ಪ ಸರಿಮಾಡಿಕೊಂಡಿದ್ದೇವೆ, ಅಷ್ಟೇ. ಕಾಗದ ಸುಳ್ಳೆಂದು ಪಕ್ಕಕ್ಕೆ ಎಸೆಯಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಹತ್ತು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡದವಳ ಬರವಣಿಗೆ ಇದು, ಅದಕ್ಕೂ ಕ್ಷಮಿಸಿ. ನಿದ್ದೆಗೆಡಿಸಿದ ಮಗಳ ಹೆಸರು ನೀಲವ್ವ. ನಿಮ್ಮ ಕಾಲಕ್ಕೇ ಹಳತಾಗಿದ್ದ ಹೆಸರುಗಳು ಈಗ ಮರಳಿ ಬಂದಿವೆ.

ಕಾಲೇಜಿನಲ್ಲಿ ನಾನು ಓದಿದ್ದು ಊರಿನ ಚರಿತ್ರೆ. ಪುರಸಭೆಯ ಹಳೆಯ ನಡಾವಳಿಗಳಲ್ಲಿ ನಿಮ್ಮ ಹೆಸರು ಕಂಡೆ. ಆರೋಗ್ಯ ಸಂಸ್ಥೆಯೊಂದು ನಿಮ್ಮ ಪುರಸಭೆಯ ಜೊತೆ ಸೇರಿ ಜನರ ಊಟ ತಿದ್ದಲು ಹೊರಟಿತ್ತು. ಮೊದಲು ಗೋಡೆಗೋಡೆಗೂ ಬರೆಸಿದಿರಿ: ಉಪ್ಪು ಕಡಿಮೆ ಮಾಡಿ, ಸಕ್ಕರೆ ಬಿಡಿ. ಆಮೇಲೆ ಸಂಸ್ಥೆಯ ಹುಡುಗಿ ಶ್ರುತಿಕಾ ಮನೆಮನೆಗೆ ಹೋದಳು. ದ್ಯಾಮಕ್ಕ ಎಂಬವರು ಬಿಸಿ ಮಿರ್ಚಿಯನ್ನೂ ಚಹಾವನ್ನೂ ಮುಂದಿಟ್ಟರೆ, ಆಕೆ ನಗುತ್ತಲೇ "ಇದೆಲ್ಲಾ ನಾನು ತಿನ್ನಲ್ಲ ಆಂಟಿ" ಎಂದಳು. ಮರುದಿನದಿಂದ ಆ ಬೀದಿಯಲ್ಲಿ ಒಬ್ಬರೂ ಬಾಗಿಲು ತೆರೆಯಲಿಲ್ಲ. ನೀವು ಸಂಧಾನಕ್ಕೆ ಹೋದಾಗ ದ್ಯಾಮಕ್ಕ ಹೇಳಿದ ಮಾತನ್ನು ನಡಾವಳಿಯಲ್ಲಿ ಹಾಗೆಯೇ ಬರೆಸಿದ್ದೀರಿ: "ನಮ್ಮನ್ಯಾಗ ಒಂದು ತುತ್ತು ತಿನ್ನಾಕ ಹೇಸ್ಕೊಳ್ಳಾಕಿ, ನಮಗೇನು ಊಟ ಕಲಿಸ್ತಾಳ್ರೀ?"

ಆ ಸಾಲನ್ನು ಬರೆಸಲು ಎಷ್ಟು ಧೈರ್ಯ ಬೇಕು! ಬೇರೆಯವರಾಗಿದ್ದರೆ 'ಸಾರ್ವಜನಿಕರ ಸಹಕಾರದ ಕೊರತೆ' ಎಂದು ಬರೆಸಿ ಮುಗಿಸುತ್ತಿದ್ದರು. ನೀವು ಕೂತು, ಮಿರ್ಚಿ ತಿಂದು, ಒಂದು ನಿಯಮ ಮಾಡಿದಿರಿ. ಊಟದ ಬಗ್ಗೆ ಮಾತಾಡಲು ಯಾರ ಮನೆಗೆ ಹೋದರೂ, ಆ ಮನೆಯಲ್ಲಿ ಅಂದು ಏನಿದೆಯೋ ಅದನ್ನು ಮೊದಲು ತಿನ್ನಬೇಕು. ತಟ್ಟೆ ಖಾಲಿಯಾಗುವ ತನಕ ಬುದ್ಧಿವಾದ ಹೇಳಕೂಡದು.

ಆ ನಿಯಮ ಇನ್ನೂ ಇದೆ. ಹಾಗೆ ಮನೆಗೆ ಬರುವವರನ್ನು ನಾವು 'ಉಣ್ಣುವಕ್ಕ' ಎನ್ನುತ್ತೇವೆ. ಇವರಿಗೆ ತರಬೇತಿ ಕೊಡುವುದು ಆ ಆರೋಗ್ಯ ಸಂಸ್ಥೆ, ನೇಮಿಸುವುದು ಪುರಸಭೆ. ವಾರ್ಡಿಗೊಂದು 'ತುತ್ತುಮನೆ' ಇದೆ, ಅಂದರೆ ಯಾರು ಬೇಕಾದರೂ ಬಂದು ಅಡುಗೆ ಮಾಡಿ ಕೂಡಿ ಉಣ್ಣುವ ಒಲೆಮನೆ. ಶಾಲೆಯ ಎದುರು 'ನೆರಳುಸಂತೆ'. ಅಲ್ಲಿ ಪುರಸಭೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವುದಿಲ್ಲ. ಹೊಂಗೆಮರಗಳ ನೆರಳನ್ನು ಹಣ್ಣು, ಸೌತೆಕಾಯಿ, ಬೇಯಿಸಿದ ಶೇಂಗಾ ಮಾರುವವರಿಗೆ ಕೊಟ್ಟು, ಕರಿದ ತಿಂಡಿಯ ಪೊಟ್ಟಣ ಮಾರುವವರಿಗೆ ಬಿಸಿಲಿನ ಬದಿ ಬಿಟ್ಟಿದೆ. ಮಕ್ಕಳು ತಾವಾಗಿಯೇ ನೆರಳಿಗೆ ಬರುತ್ತಾರೆ. ಮಂಡಕ್ಕಿ ಮಿರ್ಚಿ ಏನಾಯಿತೋ ಎಂದು ಗಾಬರಿಯಾಗಬೇಡಿ, ಇದೆ. ಕಪ್ಪಾದ ಎಣ್ಣೆಯನ್ನು ಪುರಸಭೆಯ ಗಾಡಿ ದಿನವೂ ಬಂದು ಒಯ್ಯುತ್ತದೆ. ಮರುದಿನ ಅದನ್ನೇ ಕಾಯಿಸುವವರಿಲ್ಲ.

ಇಷ್ಟೆಲ್ಲ ಇರುವ ಊರಿನಲ್ಲಿ ನನ್ನ ನೀಲವ್ವ ಊಟ ಮುಟ್ಟಲಿಲ್ಲ. ಆರನೇ ತಿಂಗಳಿಗೆ ರಾಗಿ ಗಂಜಿ ಕೊಟ್ಟೆ, ಉಗುಳಿದಳು. ಬೇಳೆಕಟ್ಟು, ಕುಂಬಳಕಾಯಿ, ಮೆತ್ತಗೆ ಹಿಸುಕಿದ ಅನ್ನ, ಎಲ್ಲಕ್ಕೂ ತುಟಿ ಬಿಗಿ. ಎರಡು ತಿಂಗಳಾದರೂ ತೂಕದ ಮುಳ್ಳು ಕದಲಲಿಲ್ಲ. ಹೆದರಿ ಪಕ್ಕದೂರಿನಿಂದ ಸಿಹಿಕೊಳವೆ ತರಿಸಿದೆ. ಕಾರ್ಖಾನೆಯಲ್ಲಿ ಹಣ್ಣಿನ ವಾಸನೆ ಹಾಕಿ ಮಾಡುವ ಸಕ್ಕರೆ ಹಿಟ್ಟು ಅದು, ಹಿಂಡಿದರೆ ನೇರ ಬಾಯಿಗೆ. ಎದೆಹಾಲು ಬಿಟ್ಟರೆ ಅದನ್ನು ಮಾತ್ರ ಚೀಪಿದಳು. ಓದಿದವಳು ನಾನು. ಅದು ಊಟವಲ್ಲವೆಂದು ಗೊತ್ತಿದ್ದೂ ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟು ಕೊಡುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಉಣ್ಣುವಕ್ಕ ಜೈಬುನಕ್ಕ ಬಂದರು. ಐವತ್ತು ದಾಟಿದವರು, ಮಂಡಿನೋವು, ಗಟ್ಟಿ ದನಿ. ನೆಲಕ್ಕೆ ಕೂರುತ್ತಲೇ ಕೇಳಿದರು:

"ಕೂಸು ಏನು ತಿಂತೈತೋ ಅದನ್ನೇ ಕೊಡವ್ವ ನನಗೂ."

"ಗಂಜಿ ಈಗಷ್ಟೇ ಖಾಲಿಯಾಯ್ತು, ಅಕ್ಕ."

"ಸುಳ್ಳು ಹೇಳಾಕೂ ಹೊಟ್ಟಿ ತುಂಬಿರಬೇಕವ್ವ. ನಿನ್ನ ಮುಖ ನೋಡಿದ್ರ ನೀನೇ ಉಂಡಿಲ್ಲ."

ನಾಚಿಕೆಯಿಂದ ಕೊಳವೆ ತಂದಿಟ್ಟೆ. ನಿಯಮ ನಿಯಮವೇ. ಜೈಬುನಕ್ಕ ಅಷ್ಟನ್ನೂ ಬೆರಳಿಗೆ ಹಿಂಡಿಕೊಂಡು ನೆಕ್ಕಿ ಮುಗಿಸಿದರು. ಮುಖ ಮಾತ್ರ ಕಿವುಚಿಕೊಂಡಿತು. ನೀಲವ್ವ ಕಣ್ಣು ಮಿಟುಕಿಸದೆ ಅವರ ಬಾಯಿಯನ್ನೇ ನೋಡುತ್ತಿದ್ದಳು; ಕೊನೆಗೆ ತೆವಳಿಕೊಂಡು ಬಂದು ಅವರ ಗಲ್ಲ ಹಿಡಿದಳು.

"ಏನವ್ವ, ಮಂದಿ ಬಾಯಿ ಆಡಿಸೋದು ಇಕಿಗೆ ಜಾತ್ರಿ ನೋಡಿದಂಗಾಗೈತಿ! ನೀನು ಇಕಿ ಮುಂದ ಕುಂತು ಉಣ್ಣೋದಿಲ್ಲೇನು?"

ಯೋಚಿಸಿದೆ. ಇಲ್ಲ. ಅವಳಿಗೆ ಉಣಿಸುವಾಗ ನಾನು ಚಮಚ ಹಿಡಿದ ಪೊಲೀಸು. ನನ್ನ ಊಟವೆಂದರೆ ಅವಳು ಮಲಗಿದ ಮೇಲೆ, ಅಡುಗೆಮನೆಯಲ್ಲಿ ನಿಂತು, ಎರಡು ತುತ್ತು. ಅವಳ ಅಪ್ಪ ಗಾಳಿಯಂತ್ರದ ಕೆಲಸಕ್ಕೆಂದು ಗುಡ್ಡದ ಮೇಲಿರುತ್ತಾನೆ, ವಾರಕ್ಕೊಮ್ಮೆ ರಾತ್ರಿ ತಡವಾಗಿ ಬರುತ್ತಾನೆ. ಹೆರಿಗೆಯಾದ ಮೇಲೆ ನಾನು ತುತ್ತುಮನೆಗೂ ಹೋಗಿರಲಿಲ್ಲ. ಮನುಷ್ಯರು ಉಣ್ಣುವುದನ್ನು ನನ್ನ ಮಗಳು ನೋಡಿಯೇ ಇರಲಿಲ್ಲ.

ಜೈಬುನಕ್ಕ ತಾವೇ ಎದ್ದು ಅನ್ನ ಮಾಡಿ, ಮೆಂತ್ಯಸೊಪ್ಪು ಹಾಕಿ ಬೇಳೆ ಬೇಯಿಸಿದರು, ಉಪ್ಪು ಹಾಕಲಿಲ್ಲ. ಎರಡೇ ತಟ್ಟೆ ಬಡಿಸಿದರು, ನನಗೊಂದು, ಅವರಿಗೊಂದು. "ಇಕಿನ್ನ ನೋಡಬ್ಯಾಡ, ಕರೀಬ್ಯಾಡ. ನಿನ್ನ ಪಾಡಿಗೆ ನೀನು ಉಣ್ಣು." ಮಗುವಿನ ಕಡೆ ನೋಡದೆ ಉಣ್ಣುವುದು ಎಷ್ಟು ಕಷ್ಟವೆಂದು ನಿಮಗೆ ಹೇಗೆ ಹೇಳಲಿ? ಅರ್ಧ ಊಟವಾಗಿತ್ತು. ಪುಟ್ಟ ಕೈಯೊಂದು ನನ್ನ ತಟ್ಟೆಗೆ ಬಂತು, ಬೇಳೆ ಮೆತ್ತಿದ ಅನ್ನವನ್ನು ಹಿಡಿಯಿತು, ಬಾಯಿಗೆ ಹೋಯಿತು. ಮತ್ತೆ ಬಂತು. ನಾನು ಅಳುತ್ತಿದ್ದರೆ ಜೈಬುನಕ್ಕ ಗದರಿದರು, "ಅಳಬ್ಯಾಡ, ಬೇಳ್ಯಾಗ ಉಪ್ಪು ಬೀಳ್ತೈತಿ!"

ನಾಗವೇಣಮ್ಮನವರೇ, ಈಗ ನನ್ನ ಬೇಡಿಕೆ. ನಿಮ್ಮ ಮುಂದಿನ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಒಂದೊಂದು ಮನೆಗೂ ಮುಕ್ಕಾಲು ಗಂಟೆ ಹಿಡಿಯುತ್ತಿದೆ, ಕರಪತ್ರ ಹಂಚಿದರೆ ಒಂದೇ ದಿನದಲ್ಲಿ ಊರೆಲ್ಲ ಮುಗಿಯುತ್ತದೆ ಎನ್ನಲಿದ್ದಾರೆ. ಅವರ ಮಾತು ತಪ್ಪೆಂದು ಸಾಧಿಸಲು ಆಗ ನಿಮ್ಮಲ್ಲಿ ಅಂಕಿಅಂಶ ಇರುವುದಿಲ್ಲ. ನಡಾವಳಿಯ ಮುಂದಿನ ಪುಟಕ್ಕೆ ಗೆದ್ದಲು ಹತ್ತಿದೆ. ನೀವು ಏನು ಉತ್ತರ ಕೊಟ್ಟಿರೆಂದು ನನಗೆ ಗೊತ್ತಿಲ್ಲ. ಏನಾದರೂ ಹೇಳಿ, ಜಗಳವಾಡಿ, ಮುಕ್ಕಾಲು ಗಂಟೆಯನ್ನು ಮಾತ್ರ ಬಿಟ್ಟುಕೊಡಬೇಡಿ. ಸಿಹಿಕೊಳವೆ ಕೆಟ್ಟದ್ದೆಂದು ನಮ್ಮ ಕಾಲದ ಕರಪತ್ರವೂ ನನಗೆ ಹೇಳುತ್ತಿತ್ತು, ನಾನು ಓದಿ ತಲೆಯಾಡಿಸಿ ಮತ್ತೊಂದು ಕೊಳವೆ ಒಡೆಯುತ್ತಿದ್ದೆ. ನಾನು ಉಂಡಿಲ್ಲವೆಂಬುದು ಕರಪತ್ರಕ್ಕೆ ಕಾಣುತ್ತಿರಲಿಲ್ಲ.

ಸೋಮವಾರ ತೂಕ ನೋಡುತ್ತಾರೆ. ಮುಳ್ಳು ಕದಲುತ್ತದೋ ಇಲ್ಲವೋ, ನನಗಿನ್ನೂ ಭಯವಿದೆ. ಆದರೆ ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಗುತ್ತಿದೆ. ನೀಲವ್ವ ಎದ್ದಿದ್ದಾಳೆ, ಖಾಲಿ ತಟ್ಟೆಯನ್ನು ನೆಲಕ್ಕೆ ಬಡಿದು ನನ್ನನ್ನು ಊಟಕ್ಕೆ ಕರೆಯುತ್ತಿದ್ದಾಳೆ. ಹೋಗುತ್ತೇನೆ, ಅಮ್ಮ.

ನಿಮ್ಮ ವಾರ್ಡಿನವಳು,
ಮೇದಿನಿ