ಎರಡು ಕುರ್ಚಿಗಳ ಕೋಣೆಗೆ ಬಿದ್ದ ಬೀಗ

ಮಾನಸಿಕ ಚಿಕಿತ್ಸಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ರೋಗಿಗಳ ಮಾತು ಕೇಳಲೆಂದು ನಿಮ್ಮ ಆಸ್ಪತ್ರೆಯಲ್ಲಿದ್ದ ಒಂದೇ ಒಂದು ಕೋಣೆಗೆ ಬೀಗ ಹಾಕಿಸಿದ್ದೀರಿ. ನಾನು ಬೀಗ ರಿಪೇರಿಯವನು. ಹೊಸ ಬೀಗ ಕಂಡರೆ ಒಳಗೇನಿದೆ, ಹಾಕಿದವರಿಗೇನು ಲಾಭ ಎಂದು ಕೇಳುವುದು ಕಸುಬಿನಿಂದ ಅಂಟಿದ ಚಟ. ಅನುಮಾನದ ಪ್ರಾಣಿ ಎಂದು ಮನೆಯವರೇ ಬೈಯುತ್ತಾರೆ, ತಾವು ಬೇಸರಿಸಬೇಡಿ.

ಕಿಟಕಿಯಲ್ಲಿ ಇಣುಕಿದೆ. ಸೂರು ಮುಟ್ಟುವಷ್ಟು ಮಾತ್ರೆಯ ಪೆಟ್ಟಿಗೆಗಳು. ಅವುಗಳ ಮೇಲಿರುವ ಕಂಪನಿಯ ಹೆಸರೇ ನಿಮ್ಮ ಗೋಡೆ ಗಡಿಯಾರದ ಮೇಲೂ ಇದೆ, ಜೇಬಿನ ಪೆನ್ನಿನ ಮೇಲೂ ಇದೆ. ಕಾಕತಾಳೀಯವೇ ಇರಬಹುದು. ನನಗೇಕೋ ಅದು ಗಂಟಲಲ್ಲಿ ಇಳಿಯುತ್ತಿಲ್ಲ.

ನನ್ನ ತಂಗಿ ಆಂಬ್ಯುಲೆನ್ಸ್ ಕಚೇರಿಯಲ್ಲಿ ತುರ್ತು ಕರೆ ಸ್ವೀಕರಿಸುವವಳು. ಗಾಡಿ ತಲುಪುವವರೆಗೂ ಫೋನಿನಲ್ಲಿ ಧೈರ್ಯ ಹೇಳುತ್ತಿರುವುದು ಅವಳ ಕೆಲಸ. ಒಂದು ದಿನ ಗಾಡಿ ತಲುಪುವ ಮೊದಲೇ ಆ ಕಡೆಯ ಮುದುಕರ ದನಿ ನಿಂತುಹೋಯಿತು. ಅಂದಿನಿಂದ ಅವಳಿಗೆ ನಿದ್ರೆಯಿಲ್ಲ, ಫೋನ್ ಸದ್ದಾದರೆ ಎದ್ದು ಮನೆಯಿಂದಾಚೆ ಓಡುತ್ತಿದ್ದಳು. ನಿಮ್ಮ ಮಾತ್ರೆಯಿಂದ ನಿದ್ರೆ ಬಂತು, ಅದಕ್ಕೆ ಕೈ ಮುಗಿಯುತ್ತೇನೆ. ಮಾತ್ರೆಯ ಮೇಲೆ ನನಗೆ ಹಗೆಯಿಲ್ಲ. ಆದರೆ ಎದ್ದ ಕೂಡಲೇ ಆ ದನಿ ಮತ್ತೆ ಶುರುವಾಗುತ್ತಿತ್ತು.

ಆ ಕೋಣೆಯಲ್ಲಿ ರೋಗಿಗಳ ಮಾತು ಕೇಳುತ್ತಿದ್ದ ನಿಮ್ಮ ಆಪ್ತಸಮಾಲೋಚಕಿಯ ಎದುರು ಅವಳು ಮೊದಮೊದಲು ತುಟಿ ಬಿಚ್ಚಲಿಲ್ಲ. ಕೊನೆಗೊಮ್ಮೆ, “ಮೇಡಂ, ಮುಖ ನೋಡ್ಕೊಂಡು ಇಂಥದ್ದೆಲ್ಲ ಮಾತಾಡಿ ನಂಗೆ ಅಭ್ಯಾಸ ಇಲ್ಲ” ಎಂದಳಂತೆ. ಆಕೆ ಎದ್ದು ತಂಗಿಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. “ನಾನೂ ಆ ಕಡೆ ತಿರುಗಿ ಕೂರ್ತೀನಿ. ಫೋನ್ ಅಂದ್ಕೊಂಡು ಹೇಳಿ.”

ಅವತ್ತು ಮನೆಗೆ ಬರುವ ದಾರಿಯಲ್ಲಿ ತಂಗಿ ನನಗೂ ಹೇಳಿದಳು. “ಅಣ್ಣ, ಆ ಅಜ್ಜ ಕೊನೇಲಿ ‘ಇದ್ದೀಯಾ ಮಗಳೇ’ ಅಂದ್ರು. ನನ್ನ ಬಾಯೇ ಕಟ್ಟಿಹೋಯ್ತು. ಇದ್ದೀನಿ ಅನ್ನಲೇ ಇಲ್ಲ.” ಇದನ್ನು ಯಾವ ಮಾತ್ರೆ ಹೊರಗೆ ತರುತ್ತಿತ್ತು, ಸ್ವಾಮಿ? ಕೆಲವೇ ವಾರಗಳಲ್ಲಿ ಅವಳು ಕೆಲಸಕ್ಕೆ ಮರಳುವ ಮಾತಾಡತೊಡಗಿದಳು.

ಅಷ್ಟರಲ್ಲಿ ನಿಮ್ಮ ತಪಾಸಣಾಧಿಕಾರಿ ಅವರಿಬ್ಬರು ಹಾಗೆ ಕೂತಿದ್ದನ್ನು ಬಾಗಿಲ ಗಾಜಿನ ಮೂಲಕ ನೋಡಿದರು. ಮುಂದಿನದನ್ನು ನೀವೇ ನಗುತ್ತಾ ಹೇಳಿದಿರಿ: “ಅಲ್ರೀ, ಜಗಳ ಆಡಿದೋರ ಥರ ಒಬ್ರಿಗೊಬ್ರು ಬೆನ್ನು ಹಾಕ್ಕೊಂಡು ಕೂತಿದ್ರಂತೆ. ಅದಕ್ಕೊಂದು ರೂಮ್ ಬೇರೆ ಬೇಕಾ?”

ಬಾಗಿಲು ತೆಗೆದು ಒಂದು ಮಾತು ಕೇಳಲು ಅವರಿಗೇನು ಅಡ್ಡಿಯಿತ್ತು? ಅಥವಾ ಕೋಣೆ ಯಾರಿಗೆ ಬೇಕೆಂಬುದು ಅವರು ಇಣುಕುವ ಮೊದಲೇ ತೀರ್ಮಾನವಾಗಿತ್ತೇ?

ಈಗ ಸಮಾಲೋಚಕಿ ಹೊರಗೆ ಕೂತು ಟೋಕನ್ ಹಂಚುತ್ತಿದ್ದಾರೆ. ತಂಗಿಯ ಮಾತ್ರೆ ಹೆಚ್ಚಾಗಿದೆ. “ಈಗ ಶಾಂತವಾಗಿದ್ದಾರಲ್ಲ” ಎನ್ನುತ್ತೀರಿ. ಹೌದು, ಊಟದ ತಟ್ಟೆಯ ಮುಂದೆ ತೂಕಡಿಸುವಷ್ಟು ಶಾಂತವಾಗಿದ್ದಾಳೆ. ಮುಂದಿನ ತಿಂಗಳು ಅವಳ ರಜೆ ಮುಗಿಯುತ್ತದೆ. ಆಮೇಲೆ ಆಂಬ್ಯುಲೆನ್ಸ್ ಕಚೇರಿಯ ಅವಳ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ಎಚ್ಚರವಿದ್ದಾಗ ಅವಳು ಕೇಳುವುದು ಒಂದೇ, “ಅಣ್ಣ, ಆ ರೂಮ್ ತೆಗೆದ್ರಾ?”

ಪೆಟ್ಟಿಗೆಗಳಿಗೆ ಬೇರೆ ಜಾಗ ಹುಡುಕಿ. ಸಮಾಲೋಚಕಿಯನ್ನು ಮರಳಿ ಕರೆಸಿ. ಮಾತ್ರೆ ಎಷ್ಟು ಬೇಕೆಂದು ತಂಗಿಯ ಮಾತು ಕೇಳಿದ ಮೇಲೆ ಬರೆಯಿರಿ. ಆ ಬೀಗ ತೆಗೆಯುವುದು ನನಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೂ ನಿಮ್ಮನ್ನೇ ಬೇಡುತ್ತಿದ್ದೇನೆ, ಏಕೆಂದರೆ ಒಳಗೆ ಕೇಳುವವರನ್ನು ಕೂರಿಸುವ ಅಧಿಕಾರ ನಿಮ್ಮದು. ‘ಇದ್ದೀರಾ’ ಎಂದು ತಂಗಿ ಇನ್ನೂ ಕೇಳುತ್ತಿದ್ದಾಳೆ, ಈ ಕಡೆಯಿಂದ. ನೀವಾದರೂ ಇದ್ದೀನಿ ಅನ್ನಿ.

ಇಂತಿ,
ನಿಮ್ಮ ಬಾಗಿಲ ಹೊರಗೆ ಕೈಕಟ್ಟಿ ನಿಂತಿರುವ
ಬೀಗ ರಿಪೇರಿಯವನು